ಓ’ಬ್ರಯನ್: ಈ ‘ಓ’ ಯಾರು, ಆ ಕೊಕ್ಕೆ ಏಕೆ?

ಪೇರೋಲ್_ಪುಟ್ಟ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ. ಐರ್ಲೆಂಡಿನ ಕಾರ್ಕ್ ಊರಿನ ಆಫೀಸಿನವರ ಸಂಬಳವೂ ನಮ್ಮ ಕೈಯಿಂದಲೇ ಹೋಗುತ್ತದೆ. ಅಲ್ಲೊಬ್ಬರ ಸರ್‌ನೇಮ್ ಓ’ಬ್ರಯನ್. ಓ ಆದಮೇಲೆ ಮೇಲೊಂದು ಕೊಕ್ಕೆ ಇದೆಯಲ್ಲ, ಮೂರು ತಿಂಗಳಿಂದ ಅದೇ ನನ್ನ ತಲೆನೋವು.

ಮೊದಲು ನಮ್ಮ ಫಾರಂ ಕೊಕ್ಕೆಯನ್ನು ಒಪ್ಪಲೇ ಇಲ್ಲ. ಕೆಂಪು ಗೆರೆ ಎಳೆದು ಕೂತಿತು. ಸರಿ, ತೆಗೆದು ಹಾಕಿದೆ. ಬ್ಯಾಂಕಿನ ಹೆಸರಿಗೂ ನಮ್ಮ ಹೆಸರಿಗೂ ಹೊಂದಲಿಲ್ಲ, ಸಂಬಳ ವಾಪಸ್ ಬಂತು. ಐಟಿ ಹುಡುಗರ ಕಾಲು ಹಿಡಿದು ಸರಿಮಾಡಿಸಿದೆ. ಈಗ ಪೇಸ್ಲಿಪ್‌ನಲ್ಲಿ ಓ, ಆಮೇಲೆ ಒಂದು ಆಂಪರ್‌ಸೆಂಡ್, ಒಂದು ಹ್ಯಾಶ್, 39, ಸೆಮಿಕೋಲನ್, ಆಮೇಲೆ ಬ್ರಯನ್ ಅಂತ ಬರುತ್ತಿದೆ. ಅವರು ಪಾಪ ಒಳ್ಳೆಯವರು. ‘ನನಗೆ ಈಗ 44, ಹಳೇ ವಯಸ್ಸು ಹಾಕಿದ್ದೀರಿ’ ಅಂತ ಮೇಲ್ ಬರೆದರು.

ನಾಚಿಕೆ ಆಯಿತು. ಒಬ್ಬರ ಹೆಸರನ್ನು ಮೂರು ಸಲ ಕೆಡಿಸಿದ ಮೇಲೆ ಅದರ ಅರ್ಥವಾದರೂ ತಿಳಿಯಬೇಕು ಅನ್ನಿಸಿತು. ಆ ಓ ಅಂದರೆ ಏನು? ಇನಿಷಿಯಲ್ಲಾ?

ಕೋಡ್_ಕೋಳಿ
39 ಅಂದರೆ ಆ ಕೊಕ್ಕೆಯ ನಂಬರ್ ಗುರು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತದೆ. ನಿಮ್ಮ ಐಟಿಯವರು ಅದನ್ನು ವೆಬ್‌ಪೇಜಿಗೆ ಅಂತ ಒಂದು ಸಲ ಬದಲಾಯಿಸಿದ್ದಾರೆ, ಪಿಡಿಎಫ್ ಮಾಡುವಾಗ ವಾಪಸ್ ತಿರುಗಿಸೋದು ಮರೆತಿದ್ದಾರೆ. ಫಾರಂ ಕೊಕ್ಕೆಗೆ ಹೆದರೋದಕ್ಕೂ ಕಾರಣ ಇದೆ. ಡೇಟಾಬೇಸಿನ ಭಾಷೆಯಲ್ಲಿ ಕೊಕ್ಕೆ ಬಂತು ಅಂದರೆ ಮಾತು ಮುಗಿಯಿತು ಅಂತ ಅರ್ಥ. ಬೇಕಂತಲೇ ಕೊಕ್ಕೆ ಹಾಕಿ ಡೇಟಾ ಕದಿಯುವವರು ಇದ್ದಾರೆ. ಅವರನ್ನು ತಡೆಯಲು ಹೋಗಿ ಓ’ಬ್ರಯನ್‌ಗಳನ್ನೂ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸರಿಯಾಗಿ ಬರೆದ ಪ್ರೋಗ್ರಾಂ ಆದರೆ ಈ ತೊಂದರೆಯೇ ಇರಲ್ಲ.

ಲಿಫಿ_ದಂಡೆ
ಪುಟ್ಟಣ್ಣ, ಇನಿಷಿಯಲ್ ಅಲ್ಲ. ಡಬ್ಲಿನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಊರು ದಾವಣಗೆರೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಐರಿಷ್ ಭಾಷೆಯಲ್ಲಿ ‘ಓ’ ಅಂದರೆ ಮೊಮ್ಮಗ, ವಂಶದವನು. ‘ಮ್ಯಾಕ್’ ಅಂದರೆ ಮಗ. ಓ’ಬ್ರಯನ್ ಅಂದರೆ ಬ್ರಯನ್‌ನ ಮೊಮ್ಮಗ, ಅಷ್ಟೇ. ಇನ್ನೊಂದು ವಿಷಯ. ಐರಿಷ್‌ನಲ್ಲಿ ಬರೆದಾಗ ಕೊಕ್ಕೆಯೇ ಇಲ್ಲ! ಓ ಅಕ್ಷರದ ತಲೆ ಮೇಲೆ ಒಂದು ಓರೆ ಗೆರೆ ಇರುತ್ತದೆ. ಅದಕ್ಕೆ ‘ಫಾಡಾ’ ಅನ್ನುತ್ತಾರೆ. ಉದ್ದ ಅಂತ ಅರ್ಥ. ನಮ್ಮ ದೀರ್ಘದ ಗುರುತಿನ ಹಾಗೆಯೇ, ಸ್ವರ ಎಳೆಯಬೇಕು ಅನ್ನೋ ಸೂಚನೆ. ಇಂಗ್ಲಿಷಿನಲ್ಲಿ ಬರೆಯುವಾಗ ಆ ಗೆರೆ ಹೋಯಿತು, ಓ ಪಕ್ಕದಲ್ಲಿ ಒಂದು ಕೊಕ್ಕೆ ಬಂದು ಕೂತಿತು. ಐರಿಷ್ ಹೆಸರಿಗೆ ಇಂಗ್ಲಿಷ್ ಬರವಣಿಗೆ ತಗುಲಿಸಿದ ಕೊಕ್ಕೆಗೆ ಬೆಂಗಳೂರಿನಲ್ಲಿ ಸಂಬಳ ನಿಂತಿದೆ. ಚೆನ್ನಾಗಿದೆ ಅಲ್ವಾ?

ಸುಮ್ನೆ_ಓದೋಳು
ಮೊಮ್ಮಗ ಅಂದರೆ ಹೆಂಗಸರೂ ಮೊಮ್ಮಗ ಅಂತಲೇ ಬರೆದುಕೊಳ್ಳಬೇಕಾ?

ಲಿಫಿ_ದಂಡೆ
ಒಳ್ಳೆ ಪ್ರಶ್ನೆ ಅಕ್ಕ. ಇಂಗ್ಲಿಷಿನಲ್ಲಿ ಎಲ್ಲರೂ ಓ’ಬ್ರಯನ್. ಐರಿಷ್‌ನಲ್ಲಿ ಹಾಗಲ್ಲ. ಗಂಡಸು ‘ಓ ಬ್ರಿಯನ್’. ಹುಟ್ಟಿದ ಮನೆಯ ಹೆಸರಾದರೆ ಹೆಣ್ಣುಮಗಳು ‘ನೀ ವ್ರಿಯನ್’. ಮದುವೆಯಾಗಿ ಬಂದವಳು ಗಂಡನ ಹೆಸರು ಹಿಡಿದರೆ ‘ಈ ವ್ರಿಯನ್’. ಓ, ನೀ, ಈ! ಮೊದಲ ಸಲ ಕೇಳಿದಾಗ ಯಾರೋ ಕನ್ನಡದಲ್ಲೇ ಕರೆಯುತ್ತಿದ್ದಾರೆ ಅನ್ನಿಸಿತ್ತು.

ಬಕಾರ ವಕಾರ ಆಗಿದ್ದನ್ನು ಗಮನಿಸಿ. ‘ನೀ’ ಬಂದರೆ ಮುಂದಿನ ಅಕ್ಷರ ಮೆತ್ತಗಾಗುತ್ತದೆ. ನಮ್ಮಲ್ಲಿ ಪಾಲ್ ಹೋಗಿ ಕೆನೆವಾಲ್ ಆಗುತ್ತಲ್ಲ, ಅಂಥದ್ದೇ. ನನ್ನ ಮಗಳ ಶಾಲೆಯಲ್ಲಿ ಹಾಜರಿಯನ್ನು ಐರಿಷ್‌ನಲ್ಲಿ ಕರೆಯುತ್ತಾರೆ. ಒಂದೇ ಮನೆಯ ಅಣ್ಣ ತಂಗಿ, ಅವನು ಓ ಬ್ರಿಯನ್, ಇವಳು ನೀ ವ್ರಿಯನ್. ಮೊದಲು ಬೇರೆ ಬೇರೆ ಮನೆಯವರು ಅಂದುಕೊಂಡಿದ್ದೆ.

ಇತಿಹಾಸದ_ಇರುವೆ
ಸರಿ, ಯಾವ ಬ್ರಯನ್ ಅಂತ ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, ಉದ್ದ ಬರೆಯುವುದು ಚಟ. ತಾಳ್ಮೆ ಇರಲಿ.

ಆ ಬ್ರಯನ್ ಅಂದರೆ ಬ್ರಯನ್ ಬೊರು. ಐರ್ಲೆಂಡಿನ ಪಶ್ಚಿಮದಲ್ಲಿ ಶಾನನ್ ನದಿಯ ದಂಡೆ, ಈಗಿನ ಕ್ಲೇರ್ ಜಿಲ್ಲೆಯ ಕಿಲ್ಲಲೂ ಅವನ ಸೀಮೆ. ಅವನ ಕುಲ ದೊಡ್ಡದೇನಲ್ಲ, ಡಾಲ್ ಗ್ಯಾಶ್ ಅಂತ ಒಂದು ಚಿಕ್ಕ ಪಾಳೆಯಪಟ್ಟು ಅಂದುಕೊಳ್ಳಿ. ಅಣ್ಣನನ್ನು ಶತ್ರುಗಳು ಕೊಂದ ಮೇಲೆ ಪಟ್ಟಕ್ಕೆ ಬಂದ. ಮೊದಲು ಮನ್‌ಸ್ಟರ್ ಎಂಬ ದಕ್ಷಿಣದ ನಾಡನ್ನು ಹಿಡಿದ. 1002ರಲ್ಲಿ ಇಡೀ ಐರ್ಲೆಂಡಿನ ದೊಡ್ಡ ದೊರೆ ಎನಿಸಿಕೊಂಡ. ಆವರೆಗೆ ಆ ಗದ್ದಿಗೆ ಉತ್ತರದ ಒಂದೇ ದೊಡ್ಡ ವಂಶದವರ ಸೊತ್ತಿನ ಹಾಗಿತ್ತು. ಹೊರಗಿನವನೊಬ್ಬ ಹೋಗಿ ಕೂತ.

1014ರ ಏಪ್ರಿಲ್ 23, ಗುಡ್ ಫ್ರೈಡೇ ದಿನ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ ಯುದ್ಧ. ಇದನ್ನು ಐರಿಷರು, ಉತ್ತರದಿಂದ ಹಡಗಿನಲ್ಲಿ ಬಂದು ನೆಲೆಸಿದ್ದ ವೈಕಿಂಗರನ್ನು ಓಡಿಸಿದ ಯುದ್ಧ ಅಂತ ಮಕ್ಕಳಿಗೆ ಕಲಿಸುತ್ತಾರೆ. ಒಳಗೆ ಇಳಿದು ನೋಡಿದರೆ ಅಪ್ಪಟ ಬೀಗರ ಜಗಳ. ಡಬ್ಲಿನ್‌ನ ವೈಕಿಂಗ್ ದೊರೆ ಸಿಟ್ರಿಕ್, ಬ್ರಯನ್‌ನ ಮಗಳ ಗಂಡ. ಸಿಟ್ರಿಕ್‌ನ ತಾಯಿ ಗೋರ್ಮ್ಲಾ ಒಂದು ಕಾಲಕ್ಕೆ ಬ್ರಯನ್‌ನ ಹೆಂಡತಿ. ಆಕೆಯ ಸೋದರ ಲೆನ್‌ಸ್ಟರ್ ನಾಡಿನ ದೊರೆ, ಎದುರು ಪಕ್ಷದ ಮುಖಂಡ. ಎರಡೂ ಕಡೆ ಐರಿಷರಿದ್ದರು, ಎರಡೂ ಕಡೆ ವೈಕಿಂಗರಿದ್ದರು. ಮದುವೆ ಮನೆಯಲ್ಲಿ ಮುರಿದದ್ದು ಗದ್ದೆಯಲ್ಲಿ ಕತ್ತಿ ಹಿಡಿಯಿತು.

ಬ್ರಯನ್‌ನ ಪಕ್ಷ ಗೆದ್ದಿತು. ಬ್ರಯನ್ ಉಳಿಯಲಿಲ್ಲ. ಎಪ್ಪತ್ತು ದಾಟಿದ ಮುದುಕ, ಡೇರೆಯಲ್ಲಿ ಪ್ರಾರ್ಥನೆಗೆ ಕೂತಿದ್ದಾಗ ಓಡಿಹೋಗುತ್ತಿದ್ದ ವೈಕಿಂಗ್ ಒಬ್ಬ ಕೊಂದ ಅಂತ ಕಥೆ. ಅವತ್ತೇ ಅವನ ಮಗನೂ ಹೋದ, ಮೊಮ್ಮಗನೂ ಹೋದ. ಮೂರು ತಲೆಮಾರು ಒಂದೇ ದಿನ. ಉಳಿದ ಇನ್ನೊಬ್ಬ ಮಗನ ಕಡೆಯಿಂದ ವಂಶ ಬೆಳೆಯಿತು. ಆ ಮೊಮ್ಮಕ್ಕಳು, ಮರಿಮಕ್ಕಳು ‘ನಾವು ಬ್ರಯನ್‌ನವರು’ ಅಂದುಕೊಂಡರು. ಅದೇ ಗಟ್ಟಿಯಾಗಿ ಸರ್‌ನೇಮ್ ಆಯಿತು.

ಕೋಡ್_ಕೋಳಿ
ಮೇಷ್ಟ್ರೇ, ಸರ್‌ನೇಮ್ ಇಡಬೇಕು ಅಂತ ಕಾನೂನು ತಂದಿದ್ದೇ ಬ್ರಯನ್ ಬೊರು ಅಂತ ಎಲ್ಲೋ ಓದಿದ್ದೆ.

ಇತಿಹಾಸದ_ಇರುವೆ
ಅದು ಆಮೇಲೆ ಕಟ್ಟಿದ ಕಥೆ. ಹೀರೋ ಒಬ್ಬ ಸಿಕ್ಕಿದರೆ ಕೆರೆ ಕಟ್ಟಿಸಿದ್ದೂ ಅವನೇ, ಮರ ನೆಡಿಸಿದ್ದೂ ಅವನೇ ಆಗುತ್ತಾನೆ. ಐರ್ಲೆಂಡಿನಲ್ಲಿ ಅವನಿಗಿಂತ ಮುಂಚೆಯೇ ಸರ್‌ನೇಮ್‌ಗಳಿದ್ದವು. ಗಾಲ್ವೇ ಕಡೆಯ ಓ’ಕ್ಲೀರಿ ಒಬ್ಬ 916ರಲ್ಲಿ ತೀರಿಕೊಂಡ ದಾಖಲೆ ಇದೆ. ಆಗ ಬ್ರಯನ್ ಹುಟ್ಟೇ ಇರಲಿಲ್ಲ. ಯೂರೋಪಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುವ ಸರ್‌ನೇಮ್ ಮೊದಮೊದಲು ಬೇರೂರಿದ ಜಾಗಗಳಲ್ಲಿ ಐರ್ಲೆಂಡ್ ಒಂದು.

ಇನ್ನೊಂದು ಮಜಾ. ಬ್ರಯನ್‌ನ ಅಪ್ಪನ ಹೆಸರು ಕೆನ್ನೆಡಿಗ್. ಅದೇ ಹೆಸರನ್ನು ಮನೆಯಲ್ಲಿ ಇನ್ನೊಬ್ಬ ಮೊಮ್ಮಗನಿಗೆ, ಅಂದರೆ ಬ್ರಯನ್‌ನ ಅಣ್ಣನ ಮಗನಿಗೆ ಇಟ್ಟರು. ಅವನ ಕಡೆಯವರು ಓ’ಕೆನಡಿ ಆದರು. ಆಮೇಲೆ ಓ ಉದುರಿ ಬರೀ ಕೆನಡಿ. ಅಮೆರಿಕದ ಅಧ್ಯಕ್ಷರ ಸರ್‌ನೇಮ್ ಅದೇ. ಓ’ಬ್ರಯನ್, ಕೆನಡಿ ಎರಡೂ ಒಂದೇ ಹಟ್ಟಿಯ ಹೆಸರು.

ಕಾವೇರಿ_ಮೂಲೆ
ಕೊಡಗಿನವನು ನಾನು. ನಮ್ಮ ಒಕ್ಕದ, ಅಂದರೆ ಮನೆತನದ ಹೆಸರೂ ಹೀಗೇ. ಕೊನೆಗೆ ‘ಅಂಡ’, ‘ಇರ’ ಬರುತ್ತದಲ್ಲ, ಅದು ಹಿಂದಿನ ಯಾರೋ ಒಬ್ಬ ಹಿರಿಯನ ಹೆಸರಿಗೆ ಅಂಟಿದ್ದು, ಇಂಥವನ ಕಡೆಯವರು ಅಂತ. ಒಕ್ಕದ ಹೆಸರು ಮುಂದೆ, ನಮ್ಮ ಹೆಸರು ಹಿಂದೆ. ಓ’ಬ್ರಯನ್‌ದು ಉಲ್ಟಾ. ಇಷ್ಟೇ ಹೇಳಲು ಬಂದೆ, ಮುಂದುವರಿಸಿ.

ಬಿ_ಸ್ಟ್ಯಾಂಡ್
ಇಷ್ಟು ಹೊತ್ತಾದರೂ ಕೆವಿನ್ ಓ’ಬ್ರಯನ್ ಹೆಸರು ಯಾರೂ ಎತ್ತಲಿಲ್ಲ. ಬೆಂಗಳೂರಿನವರಾ ನೀವು?

2011ರ ಮಾರ್ಚ್ 2. ಚಿನ್ನಸ್ವಾಮಿ. ವರ್ಲ್ಡ್ ಕಪ್, ಇಂಗ್ಲೆಂಡ್ ಮತ್ತು ಐರ್ಲೆಂಡ್. ನಾನು ಅಲ್ಲೇ ಇದ್ದೆ. ಮೂರು ದಿನ ಮುಂಚೆ ಅದೇ ಗ್ರೌಂಡಿನಲ್ಲಿ ಇಂಡಿಯಾ ಇಂಗ್ಲೆಂಡ್ ಮ್ಯಾಚ್ 338ಕ್ಕೆ 338 ಟೈ ಆಗಿತ್ತು. ಅದಕ್ಕೆ ಟಿಕೆಟ್ ಸಿಗದವರು, ಹೋಗಲಿ ಅಂತ ಇದಕ್ಕೆ ಬಂದವರು. ನಾನೂ ಅವರಲ್ಲಿ ಒಬ್ಬ. ಸ್ಟ್ಯಾಂಡ್ ಅರ್ಧ ಖಾಲಿ. ಇಂಗ್ಲೆಂಡ್ 327 ಹೊಡೆಯಿತು. ಐರ್ಲೆಂಡ್ 111ಕ್ಕೆ 5. ಪಕ್ಕದವರು ಎದ್ದು ಹೊರಟರು, ಮೆಟ್ರೋ ಇಲ್ಲದ ಕಾಲ, ಬಸ್ಸು ಸಿಗಬೇಕಲ್ಲ. ನಾನು ತಂದಿದ್ದ ಕಡಲೆಕಾಯಿ ಮುಗಿದಿರಲಿಲ್ಲ, ಕೂತೆ.

ಕ್ರೀಸಿನಲ್ಲಿ ಗುಲಾಬಿ ಬಣ್ಣದ ಕೂದಲಿನವನು. ಕ್ಯಾನ್ಸರ್ ಸಂಸ್ಥೆಗೆ ಹಣ ಎತ್ತಲು ಬಣ್ಣ ಹಾಕಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಅವತ್ತು ಬರೀ ಗುಲಾಬಿ ತಲೆ, ಬ್ಯಾಟಿನ ಸದ್ದು. 50 ಬಾಲಿಗೆ ನೂರು! ಅದಕ್ಕೆ ಮುಂಚೆ ವರ್ಲ್ಡ್ ಕಪ್ಪಿನಲ್ಲಿ ಮ್ಯಾಥ್ಯೂ ಹೇಡನ್‌ದು 66 ಬಾಲಿನ ದಾಖಲೆ. ಅಲೆಕ್ಸ್ ಕ್ಯೂಸಾಕ್ ಜೊತೆ 162 ರನ್ ಸೇರಿಸಿದರು. 63 ಬಾಲಿಗೆ 113 ಮಾಡಿ ರನ್ ಔಟ್ ಆದಾಗ ಗೆಲುವು ಕೈಯಳತೆಯಲ್ಲಿತ್ತು. ಕೊನೆ ಓವರಿನ ಮೊದಲ ಬಾಲಿಗೆ ಜಾನ್ ಮೂನಿ ಫೋರ್ ಹೊಡೆದರು. ಮೂರು ವಿಕೆಟ್ ಗೆಲುವು. ಹೊರಟವರು ಯಾರು ಯಾರು ಎಂ.ಜಿ. ರೋಡಿನಲ್ಲಿ ತಲೆ ಚಚ್ಚಿಕೊಂಡರೋ.

ಆ ದಾಖಲೆ 2023ರ ವರ್ಲ್ಡ್ ಕಪ್‌ವರೆಗೂ ನಿಂತಿತ್ತು. ದೆಹಲಿಯಲ್ಲಿ ಏಡನ್ ಮಾರ್ಕ್ರಂ 49 ಬಾಲಿಗೆ ನೂರು ಹೊಡೆದು ಮುರಿದರು. ಅದೇ ತಿಂಗಳು ಅದೇ ಗ್ರೌಂಡಿನಲ್ಲಿ ಮ್ಯಾಕ್ಸ್‌ವೆಲ್ 40 ಬಾಲಿಗೆ ಇಳಿಸಿದರು. ಇರಲಿ. ನಮ್ಮ ಊರಿನಲ್ಲಿ ಹುಟ್ಟಿದ ದಾಖಲೆ ಅದು.

ಲಿಫಿ_ದಂಡೆ
ಇಲ್ಲಿ ಕ್ರಿಕೆಟ್ ಅಂದರೆ ಯಾರಿಗೂ ಜಾಸ್ತಿ ತಿಳಿಯಲ್ಲ. ಆದರೆ ‘ಬ್ಯಾಂಗಲೋರ್’ ಅಂದ ಕೂಡಲೇ ವಯಸ್ಸಾದ ಒಬ್ಬರು ಬಸ್ ಸ್ಟಾಪಿನಲ್ಲಿ ನನಗೆ ಈ ಮ್ಯಾಚ್ ಕಥೆ ಹೇಳಿದ್ದರು. ಅವತ್ತು ತಂಡದಲ್ಲಿ ಇಬ್ಬರು ಓ’ಬ್ರಯನ್ ಇದ್ದರು ಸರ್. ವಿಕೆಟ್ ಕೀಪರ್ ನೀಲ್, ಕೆವಿನ್‌ನ ಅಣ್ಣ. ಅವರ ಅಪ್ಪನೂ ಐರ್ಲೆಂಡಿಗೆ ಆಡಿದವರು. 2018ರಲ್ಲಿ ಐರ್ಲೆಂಡ್ ತನ್ನ ಮೊದಲ ಟೆಸ್ಟ್ ಆಡಿತಲ್ಲ, ಪಾಕಿಸ್ತಾನದ ಮೇಲೆ, ಡಬ್ಲಿನ್ ಹತ್ತಿರದ ಮಲಹೈಡ್‌ನಲ್ಲಿ. ಆ ದೇಶದ ಮೊದಲ ಟೆಸ್ಟ್ ಶತಕವೂ ಕೆವಿನ್‌ದೇ, 118.

ಕ್ವಿಜ್_ಕಿಟ್ಟಿ
ನಮ್ಮ ದೇಶದ ಓ’ಬ್ರಯನ್‌ಗಳನ್ನು ಬಿಟ್ಟುಬಿಟ್ಟಿರಲ್ಲ! ಕ್ವಿಜ್ ಹುಚ್ಚು ಇರುವವರಿಗೆ ನೀಲ್ ಓ’ಬ್ರಯನ್ ಹೆಸರು ದೇವರ ಹೆಸರು. ಕ್ರಿಕೆಟಿನ ನೀಲ್ ಅಲ್ಲ, ಕಲ್ಕತ್ತಾದ ನೀಲ್. ಆಂಗ್ಲೋ ಇಂಡಿಯನ್. 1967ರಲ್ಲಿ ಅಲ್ಲಿನ ಕ್ರೈಸ್ಟ್ ದ ಕಿಂಗ್ ಚರ್ಚಿನ ಹಾಲ್‌ನಲ್ಲಿ ಅವರು ನಡೆಸಿದ್ದೇ ಭಾರತದ ಮೊದಲ ಓಪನ್ ಕ್ವಿಜ್ ಅನ್ನುತ್ತಾರೆ. ಲೋಕಸಭೆಗೆ ನಾಮಕರಣಗೊಂಡ ಸದಸ್ಯರೂ ಆಗಿದ್ದರು. 2016ರಲ್ಲಿ ತೀರಿಕೊಂಡರು. ಅವರ ಮಗ ಡೆರೆಕ್ ಓ’ಬ್ರಯನ್ ಟಿವಿಯ ಬೋರ್ನ್‌ವಿಟಾ ಕ್ವಿಜ್‌ನಿಂದ ಮನೆಮನೆಗೆ ಗೊತ್ತು. ಈಗ ರಾಜ್ಯಸಭೆಯಲ್ಲಿ ತೃಣಮೂಲದ ಸದಸ್ಯರು. ರಾಜಕೀಯ ಇಲ್ಲಿ ಬೇಡ. ಆ ಕ್ವಿಜ್ ನೋಡಿ ಬೆಳೆದ ನನ್ನಂಥವರಿಗೆ ಓ’ಬ್ರಯನ್ ಐರಿಷ್ ಹೆಸರು ಅನ್ನೋದೇ ಹೊಳೆದಿರಲಿಲ್ಲ. ಅದು ಬಂಗಾಳಿ ಹೆಸರು ಅಂತಲೇ ನನ್ನ ನಂಬಿಕೆ.

ಪೇರೋಲ್_ಪುಟ್ಟ
ಅಬ್ಬಾ. ಒಂದು ಪೇಸ್ಲಿಪ್‌ನಿಂದ ಎಲ್ಲಿಗೆ ಬಂದೆವು! ಹಾಗಾದರೆ ನಮ್ಮ ಕಾರ್ಕ್‌ನವರೂ ರಾಜವಂಶವೇ? ಮುಂದಿನ ಮೇಲ್‌ನಲ್ಲಿ ‘ಮಹಾಪ್ರಭು’ ಅಂತ ಬರೆಯಲಾ?

ಇತಿಹಾಸದ_ಇರುವೆ
ಬರೆಯಿರಿ, ಖುಷಿಪಡುತ್ತಾರೆ. ಆದರೆ ನಿಜ ಇರಬೇಕಾಗಿಲ್ಲ. 1890ರಲ್ಲಿ ಐರ್ಲೆಂಡಿನ ಜನನ ದಾಖಲೆಗಳಿಂದ ಸರ್‌ನೇಮ್‌ಗಳ ಪಟ್ಟಿ ಮಾಡಿದಾಗ ಓ’ಬ್ರಯನ್ ಆರನೆಯದು. ಮರ್ಫಿ ಮೊದಲು, ಆಮೇಲೆ ಕೆಲ್ಲಿ, ಸುಲಿವಾನ್, ವಾಲ್ಶ್, ಸ್ಮಿತ್, ಆಮೇಲೆ ಇವರು. ಅಷ್ಟು ಜನರೂ ಒಬ್ಬನೇ ಮುದುಕನ ಮೊಮ್ಮಕ್ಕಳು ಅಂದರೆ ಹೇಗೆ? ಒಡೆಯನ ಆಶ್ರಯದಲ್ಲಿದ್ದವರು ಒಡೆಯನ ಹೆಸರೇ ಹಿಡಿದಿದ್ದೂ ಉಂಟು. ವಿಕ್ಲೋ ಕಡೆ ಓ’ಬರ್ನ್ ಅಂತ ಇನ್ನೊಂದು ಕುಲ ಇದೆ, ಕೇಳಲು ಹತ್ತಿರ, ಸಂಬಂಧ ಇಲ್ಲ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರೆ ಮುಗಿಯಿತು, ಇವರು ಅವರಾಗುತ್ತಾರೆ.

ರಾಜವಂಶ ಅಂತ ದಾಖಲೆ ಸಮೇತ ಹೇಳಬಹುದಾದ ಮನೆತನವೂ ಇದೆ. ಬ್ರಯನ್‌ನ ಮರಿಮಗ ಒಬ್ಬ 1101ರಲ್ಲಿ ಮನ್‌ಸ್ಟರ್ ದೊರೆಗಳ ಕ್ಯಾಶೆಲ್ ಬಂಡೆಕೋಟೆಯನ್ನೇ ಚರ್ಚಿಗೆ ದಾನ ಮಾಡಿದ. ಇವರು ಕ್ಲೇರ್, ಲಿಮರಿಕ್ ಸುತ್ತಲ ಥೋಮಂಡ್ ನಾಡನ್ನು ನಾನೂರು ವರ್ಷ ಆಳಿದರು. 1543ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಒಂದು ಉಪಾಯ ಮಾಡಿದ. ನಿಮ್ಮ ನಾಡನ್ನು ನನಗೆ ಒಪ್ಪಿಸಿ, ನಾನು ಅದನ್ನೇ ನಿಮಗೆ ವಾಪಸ್ ಕೊಡುತ್ತೇನೆ, ಜೊತೆಗೆ ಬಿರುದೂ ಕೊಡುತ್ತೇನೆ. ಮುರೋ ಓ’ಬ್ರಯನ್ ರಾಜನಾಗಿ ಹೋದ, ಅರ್ಲ್ ಆಗಿ ಬಂದ. ನಮ್ಮ ಪಾಳೆಯಗಾರರಿಗೆ ಆಮೇಲೆ ಕಂಪನಿ ಸರ್ಕಾರ ಮಾಡಿದ್ದು ನೆನಪಾಗುತ್ತದೆ, ಸುಮ್ನೆ ಹೇಳಿದೆ.

ಅಲ್ಲಿಂದ ಈ ಮನೆತನ ಎರಡು ದೋಣಿಯಲ್ಲಿ ಕಾಲಿಟ್ಟ ಮನೆತನ. ಒಬ್ಬ ಮುರೋ ಓ’ಬ್ರಯನ್ ಇಂಗ್ಲಿಷ್ ಪಾರ್ಲಿಮೆಂಟಿನ ಪರ ನಿಂತು 1647ರಲ್ಲಿ ಅದೇ ಕ್ಯಾಶೆಲ್‌ಗೆ ನುಗ್ಗಿ ಕೊಲ್ಲಿಸಿದ, ಸುಡಿಸಿದ. ಅವನ ಮುತ್ತಜ್ಜರು ದಾನ ಕೊಟ್ಟ ಬಂಡೆ ಅದು! ಜನ ಅವನನ್ನು ‘ಬೆಂಕಿಯ ಮುರೋ’ ಅಂತಲೇ ಕರೆದರು. ಇನ್ನೊಂದು ಕವಲು ದೇಶ ಬಿಟ್ಟು ಫ್ರಾನ್ಸಿನ ಸೈನ್ಯ ಸೇರಿತು. ಆ ಕವಲಿನ ಚಾರ್ಲ್ಸ್ ಓ’ಬ್ರಯನ್ ಫ್ರಾನ್ಸಿನ ಮಾರ್ಷಲ್ ಆದ.

ಸುಮ್ನೆ_ಓದೋಳು
ಬರೀ ಗಂಡಸರ ಕಥೆ. ಆ ಮನೆಗೆ ಬಂದ ಹೆಂಗಸರು ಯಾರೂ ಇಲ್ಲವಾ ಮೇಷ್ಟ್ರೇ?

ಇತಿಹಾಸದ_ಇರುವೆ
ಇದ್ದಾಳಮ್ಮ, ಗಂಡಸರಿಗಿಂತ ಗಟ್ಟಿ. ಮೋರಾ ರೂಆ, ಕೆಂಗೂದಲ ಮೇರಿ ಅಂತ. ಕ್ಲೇರ್ ಜಿಲ್ಲೆಯ ಲೆಮನೇ ಕೋಟೆಯ ಕಾನರ್ ಓ’ಬ್ರಯನ್‌ನ ಹೆಂಡತಿ. 1651ರಲ್ಲಿ ಇಂಗ್ಲಿಷ್ ಸೇನಾಪತಿ ಕ್ರಾಮ್ವೆಲ್‌ನ ಸೈನ್ಯದ ಎದುರು ಗಂಡ ಸತ್ತ. ದಂಗೆಯೆದ್ದವನ ಆಸ್ತಿ ಮುಟ್ಟುಗೋಲು ಖಂಡಿತ. ಮಗ ಚಿಕ್ಕವನು. ಆಕೆ ಮಾಡಿದ್ದೇನು? ಅದೇ ಕ್ರಾಮ್ವೆಲ್ ಸೈನ್ಯದ ಜಾನ್ ಕೂಪರ್ ಎಂಬ ಅಧಿಕಾರಿಯನ್ನು ಮದುವೆಯಾದಳು. ಆಸ್ತಿ ಮಗನಿಗೆ ಉಳಿಯಿತು. ಆಕೆಗೆ ಇಪ್ಪತ್ತೈದು ಗಂಡಂದಿರು, ಆಳುಗಳನ್ನು ಕೂದಲು ಹಿಡಿದು ನೇತುಹಾಕುತ್ತಿದ್ದಳು ಅಂತೆಲ್ಲ ಊರವರು ಕಥೆ ಕಟ್ಟಿದ್ದಾರೆ. ನಿಜಕ್ಕೂ ಮೂರು ಮದುವೆ. ಆಸ್ತಿ ಉಳಿಸಿಕೊಂಡ ಹೆಂಗಸಿನ ಮೇಲೆ ಇಂಥ ಕಥೆ ಹುಟ್ಟದ ಊರು ಯಾವುದಿದೆ ಹೇಳಿ.

ಆ ಮಗನ ವಂಶದವರ ಕೈಗೆ ಡ್ರೋಮೋಲ್ಯಾಂಡ್ ಕೋಟೆ ಬಂತು. 1962ರಲ್ಲಿ ಒಬ್ಬ ಅಮೆರಿಕದವರಿಗೆ ಮಾರಿದರು, ಈಗ ಅದು ಹೋಟೆಲು.

ಒಂದ್_ಪುಟ
ಡ್ರೋಮೋಲ್ಯಾಂಡ್ ಅಂದಿರಿ, ವಿಲಿಯಂ ಸ್ಮಿತ್ ಓ’ಬ್ರಯನ್ ಹುಟ್ಟಿದ್ದು ಅಲ್ಲೇ, 1803ರಲ್ಲಿ. ನನಗೆ ಈ ಮನುಷ್ಯನನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ, ಪ್ರೀತಿಯೂ ಬರುತ್ತದೆ. ಭೂಮಾಲಿಕ, ಪ್ರಾಟೆಸ್ಟೆಂಟ್, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. ಸುಮ್ಮನೆ ಇದ್ದಿದ್ದರೆ ಸುಖವಾಗಿ ಇರಬಹುದಿತ್ತು. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದ ಹೊತ್ತಿನಲ್ಲಿ, 1848ರ ಜುಲೈನಲ್ಲಿ ಬಂಡಾಯ ಎದ್ದರು. ಟಿಪ್ಪರೇರಿಯ ಬ್ಯಾಲಿಂಗರಿಯಲ್ಲಿ ಪೊಲೀಸರು ಒಬ್ಬ ವಿಧವೆಯ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಒಳಗೆ ಆಕೆಯ ಐದು ಮಕ್ಕಳು. ಓ’ಬ್ರಯನ್ ಕಿಟಕಿಯ ಹತ್ತಿರ ಹೋಗಿ ಮಾತಾಡಲು ನೋಡಿದರು. ಗುಂಡು ಹಾರಿತು, ಕೆಲವರು ಸತ್ತರು, ಬಂಡಾಯ ಅಲ್ಲಿಗೇ ಮುಗಿಯಿತು. ‘ಕೋಸಿನ ತೋಟದ ಯುದ್ಧ’ ಅಂತ ಇಂಗ್ಲಿಷರು ನಕ್ಕರು. ಗಲ್ಲು ಅಂತ ತೀರ್ಪು ಬಂತು. ಆಮೇಲೆ ಗಡೀಪಾರು, ಈಗಿನ ಟಾಸ್ಮೇನಿಯಾಗೆ. 1854ರಲ್ಲಿ ಬಿಟ್ಟರು. ಅವರ ವಿಗ್ರಹ ಇವತ್ತು ಡಬ್ಲಿನ್‌ನ ಮುಖ್ಯ ಬೀದಿಯಲ್ಲಿದೆ. ಐರ್ಲೆಂಡಿನ ತ್ರಿವರ್ಣ ಬಾವುಟವನ್ನು 1848ರಲ್ಲೇ ಅವರ ಜೊತೆಗಾರ ಮಾರ್ ಫ್ರಾನ್ಸಿಗೆ ಹೋಗಿಬಂದ ಮೇಲೆ ಡಬ್ಲಿನ್ ಜನರಿಗೆ ತೋರಿಸಿದ್ದು. ಆ ಪ್ರಯಾಣದಲ್ಲಿ ಓ’ಬ್ರಯನ್ ಕೂಡ ಇದ್ದರು.

ಇನ್ನು ನನ್ನ ಇಷ್ಟದ ವಿಷಯ, ಓ’ಬ್ರಯನ್ ಅಲ್ಲದ ಓ’ಬ್ರಯನ್‌ಗಳು. ಐರಿಷ್ ಸಾಹಿತ್ಯದ ದೊಡ್ಡ ತುಂಟ ಫ್ಲ್ಯಾನ್ ಓ’ಬ್ರಯನ್ (1911–1966). ಅವರ ನಿಜ ಹೆಸರು ಬ್ರಯನ್ ಓ’ನೋಲನ್. ಸರ್ಕಾರಿ ನೌಕರಿ, ಸ್ವಂತ ಹೆಸರಿನಲ್ಲಿ ಸರ್ಕಾರವನ್ನು ಗೇಲಿ ಮಾಡುವ ಹಾಗಿಲ್ಲ. ಅದಕ್ಕೆ ಒಂದಲ್ಲ, ಹಲವು ಹೆಸರು. ತೀರಿಕೊಂಡ ದಿನ ಏಪ್ರಿಲ್ 1! ಇನ್ನೊಬ್ಬರು ಪ್ಯಾಟ್ರಿಕ್ ಓ’ಬ್ರಯನ್. ಸ್ಪೆಲಿಂಗಿನಲ್ಲಿ ಒಂದು ಅಕ್ಷರ ಬೇರೆ. ಹಡಗು ಯುದ್ಧಗಳ ಕಾದಂಬರಿಕಾರ. ಎಲ್ಲರೂ ಐರಿಷ್ ಅಂದುಕೊಂಡಿದ್ದರು, ಅವರೂ ಬೇಡ ಅನ್ನಲಿಲ್ಲ. ಹುಟ್ಟು ಇಂಗ್ಲೆಂಡಿನಲ್ಲಿ, ಹುಟ್ಟು ಹೆಸರು ರಸ್. 1945ರಲ್ಲಿ ಹೆಸರು ಬದಲಿಸಿಕೊಂಡಿದ್ದರು. ಗುಟ್ಟು ಹೊರಬಿದ್ದಾಗ ಅವರಿಗೆ ಎಂಬತ್ತು ದಾಟಿತ್ತು. ಸತ್ತದ್ದು ಮಾತ್ರ ಡಬ್ಲಿನ್‌ನಲ್ಲಿ.

ಅಸಲಿ ಬೇಕು ಅಂದರೆ ಎಡ್ನಾ ಓ’ಬ್ರಯನ್ ಇದ್ದಾರೆ. 1930ರಲ್ಲಿ ಕ್ಲೇರ್‌ನ ಟೂಮ್‌ಗ್ರೇನಿಯಲ್ಲಿ ಹುಟ್ಟು, ಬ್ರಯನ್ ಬೊರುವಿನ ಸೀಮೆಯೇ. ಹಳ್ಳಿ ಹುಡುಗಿಯರ ಆಸೆ ಆಕಾಂಕ್ಷೆ ಬರೆದರು ಅಂತ 1960ರ ಮೊದಲ ಕಾದಂಬರಿಯನ್ನೇ ಐರ್ಲೆಂಡಿನಲ್ಲಿ ನಿಷೇಧಿಸಿದರು. ಬದುಕಿನ ಬಹುಪಾಲು ಲಂಡನ್‌ನಲ್ಲಿ ಕಳೆದರು. 2024ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಊರ ಹತ್ತಿರದ ಸರೋವರದ ನಡುವಿನ ಪುಟ್ಟ ದ್ವೀಪದಲ್ಲಿ. ಸಾವಿರ ವರ್ಷದ ಹಿಂದೆ ಆ ದ್ವೀಪದ ಮಠಕ್ಕೆ ಬ್ರಯನ್ ಬೊರುವಿನ ಒಡಹುಟ್ಟಿದವನೊಬ್ಬ ಯಜಮಾನ. ಹೊರಗೆ ಹಾಕಿದ ಮಗಳನ್ನು ಕುಲದ ಹಳೇ ಜಾಗವೇ ಕರೆದುಕೊಂಡಿತು.

ಬಿ_ಸ್ಟ್ಯಾಂಡ್
ಕುದುರೆ ರೇಸಿನವರನ್ನು ಮರೆಯಬೇಡಿ. ವಿನ್ಸೆಂಟ್ ಓ’ಬ್ರಯನ್ 1953, 54, 55, ಸತತ ಮೂರು ವರ್ಷ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಗೆಲ್ಲಿಸಿದ ತರಬೇತುದಾರ, ಮೂರೂ ಬೇರೆ ಬೇರೆ ಕುದುರೆ. ಈಗ ಅವರದೇ ಬ್ಯಾಲಿಡಾಯ್ಲ್ ಲಾಯದಲ್ಲಿ ಇರುವವರು ಏಡನ್ ಓ’ಬ್ರಯನ್. ಒಂದೇ ಹೆಸರು, ಒಂದೇ ಲಾಯ, ಒಂದೇ ಕಸುಬು, ನೆಂಟಸ್ತಿಕೆ ಇಲ್ಲ.

ಕೋಡ್_ಕೋಳಿ
ಕೋನನ್ ಓ’ಬ್ರಯನ್? ಅಮೆರಿಕದ ಟಿವಿಯ ಉದ್ದ ಮನುಷ್ಯ, 2025ರಲ್ಲಿ ಆಸ್ಕರ್ ನಡೆಸಿಕೊಟ್ಟವರು. ಯೂಟ್ಯೂಬಿನಲ್ಲಿ ನಾನು ನೋಡುವುದು ಅವರನ್ನೇ.

ಲಿಫಿ_ದಂಡೆ
ಇಲ್ಲಿನವರಿಗೆ ನಗಿಸುವ ಓ’ಬ್ರಯನ್ ಅಂದರೆ ಡಾರಾ ಓ ಬ್ರಿಯನ್. ಲಂಡನ್ ಟಿವಿಯಲ್ಲಿ ದೊಡ್ಡ ಹೆಸರು. ಓದಿದ್ದು ಗಣಿತ, ಭೌತಶಾಸ್ತ್ರ. ಹೆಸರನ್ನು ಇಂಗ್ಲಿಷ್ ಮಾಡಿಕೊಳ್ಳಲೇ ಇಲ್ಲ. ತಲೆ ಮೇಲೆ ಫಾಡಾ ಗೆರೆ ಇರುವ ಓ, ಕೊಕ್ಕೆ ಇಲ್ಲ.

ಓ ಉಳಿಸಿಕೊಳ್ಳುವುದೂ ಸುಲಭ ಇರಲಿಲ್ಲವಂತೆ. ಇಂಗ್ಲಿಷರ ಆಳ್ವಿಕೆ ಬಿಗಿಯಾದ ಕಾಲದಲ್ಲಿ ತುಂಬಾ ಮನೆತನಗಳು ಓ, ಮ್ಯಾಕ್ ಎರಡನ್ನೂ ಬಿಟ್ಟವು. 1893ರಲ್ಲಿ ಐರಿಷ್ ಭಾಷೆ ಉಳಿಸುವ ಗೇಲಿಕ್ ಲೀಗ್ ಹುಟ್ಟಿದ ಮೇಲೆ ಅನೇಕರು ವಾಪಸ್ ಹಚ್ಚಿಕೊಂಡರು. ಮರ್ಫಿ, ಕೆಲ್ಲಿ ಇನ್ನೂ ಬೋಳಾಗಿಯೇ ಇವೆ. ಓ’ಬ್ರಯನ್‌ಗೆ ಮಾತ್ರ ಓ ಬಿಟ್ಟರೆ ಏನೋ ಕಳೆದುಕೊಂಡ ಹಾಗೆ.

ಬ್ರಯನ್ ಬೊರುವಿನ ಹಾರ್ಪ್ ಅಂತ ಟ್ರಿನಿಟಿ ಕಾಲೇಜಿನಲ್ಲಿ ಒಂದು ತಂತಿವಾದ್ಯ ಇಟ್ಟಿದ್ದಾರೆ. ಅವನು ಸತ್ತು ಮುನ್ನೂರು, ನಾನೂರು ವರ್ಷದ ಮೇಲೆ ಮಾಡಿದ್ದು, ಅವನು ಮುಟ್ಟಿದ್ದೇ ಇಲ್ಲ. ಆದರೂ ದೇಶದ ಲಾಂಛನ ಅದೇ. ಗಿನ್ನೆಸ್ ಬಿಯರಿನವರು 1876ರಲ್ಲೇ ಅದನ್ನು ತಮ್ಮ ಗುರುತು ಅಂತ ನೋಂದಾಯಿಸಿಬಿಟ್ಟಿದ್ದರು. ಹಾಗಾಗಿ ಸರ್ಕಾರದ ಹಾರ್ಪ್ ಒಂದು ಕಡೆಗೆ ಮುಖ, ಬಾಟಲಿಯದು ಇನ್ನೊಂದು ಕಡೆಗೆ. ನನ್ನ ಹೊಸ ಪಾಸ್‌ಪೋರ್ಟ್ ಬಂದ ದಿನ ಗೆಳೆಯರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು.

ಪಾಸ್‌ಪೋರ್ಟ್ ಅಂದಾಗ ನನ್ನ ಹೆಸರಿನ ಕಥೆ ಹೇಳಲೇಬೇಕು. ನನಗೆ ಸರ್‌ನೇಮ್ ಇರಲಿಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಹೆಸರು, ಅಷ್ಟೇ. ವೀಸಾ ಫಾರಂಗೆ ಸರ್‌ನೇಮ್ ಬೇಕು ಅಂದರು. ಅಪ್ಪನ ಹೆಸರು ಬಿಡಿಸಿ ಬರೆದೆ, ಬಸವರಾಜಪ್ಪ. ಅವತ್ತಿನಿಂದ ಇಲ್ಲಿ ನಾನೇ ‘ಮಿಸ್ಟರ್ ಬಸವರಾಜಪ್ಪ’. ಆಸ್ಪತ್ರೆಯಲ್ಲಿ ಹಾಗೆ ಕೂಗಿದರೆ ಮೊದಲ ಎರಡು ವರ್ಷ ಅಪ್ಪ ಎಲ್ಲಿ ಬಂದರು ಅಂತ ಹಿಂದೆ ತಿರುಗಿ ನೋಡುತ್ತಿದ್ದೆ. ಆಮೇಲೆ ಮಗಳು ಹುಟ್ಟಿದಳು. ಸರ್‌ನೇಮ್ ದಾಟಿತು. ಅವಳೂ ಬಸವರಾಜಪ್ಪ.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಇಷ್ಟು ದಿನ ಮೊಮ್ಮಕ್ಕಳಿಗೆ ಅಜ್ಜನ ಹೆಸರು ಇಡಬೇಕಿತ್ತು, ಈಗ ಸರ್ಕಾರವೇ ಇಟ್ಟಿತು ಅಂದರು.

ಒಂದ್_ಪುಟ
ನಿಲ್ಲಿ ನಿಲ್ಲಿ. ಅಂದರೆ ನಿಮ್ಮ ಮಗಳು ಬಸವರಾಜಪ್ಪನವರ ಮೊಮ್ಮಗಳು, ಅದೇ ಅವಳ ಸರ್‌ನೇಮ್. ಬ್ರಯನ್ ಬೊರುವಿನ ಮನೆಯಲ್ಲಿ ನಡೆದದ್ದೂ ಇದೇ ಅಲ್ವಾ? ಅವಳು ‘ನೀ ವಸವರಾಜಪ್ಪ’!

ಇತಿಹಾಸದ_ಇರುವೆ
ಬಕಾರ ವಕಾರ ಮಾಡಿದ್ದು ನೋಡಿ ಹಳೇ ವ್ಯಾಕರಣ ಮೇಷ್ಟ್ರಿಗೆ ಹೊಟ್ಟೆ ತುಂಬಿತು.

ಸುಮ್ನೆ_ಓದೋಳು
ನಮ್ಮಲ್ಲಿ ಯಾರಾದರೂ ಕರೆದರೆ ‘ಓ’ ಅನ್ನುತ್ತೇವಲ್ಲ. ಅವರು ಅಜ್ಜನಿಗೆ ಓಗೊಡುತ್ತಲೇ ಇದ್ದಾರೆ ಅಂದುಕೊಂಡೆ. ಭಾಷೆ ಬೇರೆ, ಸಂಬಂಧ ಇಲ್ಲ, ಗೊತ್ತು. ಬೈಯಬೇಡಿ.

ಲಿಫಿ_ದಂಡೆ
ಬೈಯಲ್ಲ ಅಕ್ಕ. ಮಗಳಿಗೆ ಹೇಳಿದೆ. ‘ನೀ ವಸವರಾಜಪ್ಪ’ ಅಂತ ಹೋಂವರ್ಕ್ ಪುಸ್ತಕದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾಳೆ. ಟೀಚರ್ ಏನು ಹೇಳುತ್ತಾರೋ ನೋಡಬೇಕು. ಪುಟ್ಟಣ್ಣ, ನಿಮ್ಮ ಪೇಸ್ಲಿಪ್ ಏನಾಯಿತು?

ಪೇರೋಲ್_ಪುಟ್ಟ
ಒಂದು ವಾರ ಬರಲಾಗಲಿಲ್ಲ, ಮಾರ್ಚ್ ತಿಂಗಳು, ಪೇರೋಲ್‌ನವರ ಕಷ್ಟ ಗೊತ್ತಲ್ಲ. ಕೋಳಿ ಸರ್ ಹೇಳಿದ್ದನ್ನು ಐಟಿಗೆ ಹಾಗೇ ಕಳಿಸಿದೆ. ಬೈದುಕೊಂಡೇ ಮಾಡಿದರು. ಕಾರ್ಕ್‌ನವರಿಗೂ ಬರೆದೆ, ನಿಮ್ಮ ಹೆಸರಿನ ಅರ್ಥ ಈಗ ನನಗೆ ಗೊತ್ತು, ಬ್ರಯನ್ ಬೊರುವಿನ ಮೊಮ್ಮಗ ಅಂತ. ಅವರ ಉತ್ತರ: ಅವರ ಅಜ್ಜ ಬೆಣ್ಣೆ ವ್ಯಾಪಾರಿ, ಅದಕ್ಕಿಂತ ಹಿಂದಿನದು ಗೊತ್ತಿಲ್ಲ. ವಿಮಾನದ ಟಿಕೆಟಿನಲ್ಲಿ ಕೊಕ್ಕೆ ಇಲ್ಲ, ಲೈಬ್ರರಿ ಕಾರ್ಡಿನಲ್ಲಿ ಕೊಕ್ಕೆ ಜಾಗದಲ್ಲಿ ಖಾಲಿ, ಬ್ಯಾಂಕಿನಲ್ಲಿ ಕೊಕ್ಕೆ ಇದೆ. ಒಂದೇ ಮನುಷ್ಯ, ಮೂರು ಹೆಸರು, ಅಭ್ಯಾಸವಾಗಿದೆ ಅಂದರು.

ಇವತ್ತು ಹೊಸ ಪೇಸ್ಲಿಪ್ ಬಂತು. 39 ಹೋಗಿದೆ. ಕೊಕ್ಕೆ ಸರಿಯಾದ ಜಾಗದಲ್ಲಿದೆ. ಬ್ರಯನ್‌ನ ಮೊದಲ ಅಕ್ಷರ ಮಾತ್ರ ಸಣ್ಣ ಬಿ ಆಗಿಬಿಟ್ಟಿದೆ. ಏಪ್ರಿಲ್‌ನಲ್ಲಿ ನೋಡೋಣ.